ಕೋಮಲ ಅಳಿಸಿದ ಮೆಸೇಜ್

ಗಂಡ ತನ್ನಿಂದ ಮುಚ್ಚಿಟ್ಟದ್ದೇನೆಂದು ಕೋಮಲಳಿಗೆ ಗೊತ್ತಾದದ್ದು ಬೇರೆಯವರ ಫೋನಿನಿಂದ.

ಮನಗೂಳಿಯಲ್ಲಿ ಅವಳದು ಹೊಲಿಗೆಯ ಕೆಲಸ. ಮನೆಯ ಪಡಸಾಲೆಯಲ್ಲೇ ಮಷಿನ್ನು. ಆ ಮಂಗಳವಾರ ಊರಿನ ಆಶಾ ಕಾರ್ಯಕರ್ತೆ ರುಕ್ಮಿಣೀಬಾಯಿ ಎರಡು ಜಂಪರಿನ ಅರಿವೆ ತಂದಿದ್ದರು. ಕೋಮಲ ಟೇಪು ಹಿಡಿದು ತೋಳಿನ ಅಳತೆ ತೆಗೆದುಕೊಳ್ಳುತ್ತಿದ್ದಾಗ ಅವರು ಇನ್ನೊಂದು ಕೈಯಲ್ಲಿ ಫೋನು ತೆಗೆದರು.

“ಇದನ್ನೊಂದೀಟ ಕೇಳು ಕೋಮಲಾ. ನಮ್ಮ ಆಶಾಗಳ ಗ್ರೂಪಿಗೆ ಬಂದೈತಿ. ಎಷ್ಟ ಚಂದ ಹೇಳ್ತಾನ ನೋಡು.”

ಫೋನಿನಿಂದ ಗಂಡು ದನಿಯೊಂದು ಬಂತು. “ನಮಸ್ಕಾರ್ರಿ. ನಾ ಅಣ್ಣ ಮಾತಾಡಾಕತ್ತೇನಿ. ನಾನೂ ಸೂಜಿ ಚುಚ್ಚಿಕೊಂಡಾಂವನ. ಲಾರಿ ಹೊಡೀತಿದ್ದೆ. ಮೂರೂವರಿ ವರ್ಷ ಆ ನಶಾದಾಗ ಇದ್ದೆ. ಸೂಜಿ ಚುಚ್ಚಿಕೊಳ್ಳಾಂವ ಅಂದ ಕೂಡ್ಲೆ ಮಂದಿ ಮಾರಿ ತಿರುವ್ತಾರ. ತಿರುವಲಿ. ನೀವು ಮಾತ್ರ ನಿಮ್ಮನ್ನ ನೋಡಿ ಮಾರಿ ತಿರುವಬ್ಯಾಡ್ರಿ. ಹೊಸಾ ಸೂಜಿ ಇಸ್ಕೊಳ್ಳಾಕ ನಾಚಬ್ಯಾಡ್ರಿ. ಎಚ್‌ಐವಿ ಪರೀಕ್ಷಾ ಮಾಡಿಸ್ಕೊಳ್ಳಾಕ ಅಂಜಬ್ಯಾಡ್ರಿ. ಆತಿಲ್ಲೋ?”

ಟೇಪು ಕೋಮಲಳ ಕೈಯಿಂದ ಜಾರಿತು. ಹೆಸರು ಹೇಳದಿದ್ದರೂ ಅದು ಸಂಜೀವಕುಮಾರನ ದನಿ. ಒಂದು ಮಾತು ಮುಗಿಸಿ ತುಸು ನಿಂತು “ಆತಿಲ್ಲೋ” ಎನ್ನುವ ಅವನ ಚಾಳಿಯನ್ನು ಅವಳು ಒಂಬತ್ತು ವರ್ಷದಿಂದ ಕೇಳುತ್ತ ಬಂದಿದ್ದಳು.

“ಯಾರ ಅಂವ?” ಎಂದಳು, ಟೇಪು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ.

“ಯಾರಿಗೂ ಗೊತ್ತಿಲ್ಲ. ವಿಜಯಪುರದಾಗ ಒಂದು ಸಂಸ್ಥಾ ಐತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ನಮ್ಮ ಬಾಗೇವಾಡಿ, ನಾಕೂ ತಾಲೂಕಿನಾಗ ನಶಾದ ಇಂಜೆಕ್ಷನ್ ತಗೊಳ್ಳಾವ್ರ ಫೋನಿಗೆ ವಾರಕ್ಕೊಂದು ಇಂಥಾದ್ದು ಕಳಸ್ತಾರ. ಮೊದಲ ಆ ಮಂದಿ ದವಾಖಾನಿ ಕಡೆ ಹಾಯ್ತಿರಲಿಲ್ಲ. ಈಗ ‘ಅಣ್ಣ ಹೇಳ್ಯಾನ’ ಅಂತ ಬರಾಕತ್ತಾರ.” ರುಕ್ಮಿಣೀಬಾಯಿ ಫೋನನ್ನು ಚೀಲಕ್ಕೆ ಹಾಕಿಕೊಂಡರು. “ಏನ ಮೆತ್ತನ್ನ ಮಾತಪಾ ಅವಂದು! ಹೇಂತಿ ಜೋಡಿ ಹ್ಯಾಂಗ ಮಾತಾಡ್ತಾನೋ ಏನೋ.”

ಹೇಂತಿಯ ಜೊತೆ ಅವನು ಹೇಗೆ ಮಾತಾಡುತ್ತಾನೆಂದು ಕೋಮಲಳಿಗೆ ಗೊತ್ತಿತ್ತು. “ನೀರ ಕಾಯ್ದಾವೇನು”, “ಕೂಸು ಸಾಲಿಗೆ ಹೋತೇನು”, “ಉಪ್ಪ ಕಡಿಮಿ ಆಗೈತಿ.” ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು.

“ಅಕ್ಕಾರ, ಅದನ್ನ ನನ್ನ ಫೋನಿಗೂ ಹಾಕ್ರಿ” ಎಂದಳು. “ಹಿಂದಿನೂ ಇದ್ರ ಅವನ್ನೂ ಹಾಕ್ರಿ.”

ಕೋಮಲ ಹುಟ್ಟಿದ್ದು ಮುಳವಾಡದಲ್ಲಿ. ಅಪ್ಪ ಭೀಮಶ್ಯಾ ಏತ ನೀರಾವರಿಯ ಕಾಲುವೆ ಕೆಲಸದಲ್ಲಿ ಕೂಲಿಯಾಗಿದ್ದವನು. ನಾಲ್ವರು ಹೆಣ್ಣುಮಕ್ಕಳಲ್ಲಿ ಇವಳು ಮೂರನೆಯವಳು. ದೊಡ್ಡವರಿಬ್ಬರು ಪಿಸುಪಿಸು ಮಾತಾಡಿ ಇವಳು ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ಅಕ್ಕನ ಮದುವೆ ಗೊತ್ತಾದ ಸಂಗತಿಯೂ ಇವಳಿಗೆ ಬಾವಿಕಟ್ಟೆಯಲ್ಲಿ ನೆರೆಯವರಿಂದ ತಿಳಿದದ್ದು. ತನಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಾಯಿತೆಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬಾಗೇವಾಡಿಯಲ್ಲಿ ಹೊಲಿಗೆ ಕಲಿತು, ಸ್ವಂತ ಮಷಿನ್ನು ಕೊಂಡು, ಸಂಜೀವಕುಮಾರನನ್ನು ಮದುವೆಯಾಗಿ ಮನಗೂಳಿಗೆ ಬಂದಾಗ, ಇನ್ನು ಮೇಲೆ ಒಬ್ಬ ಮನುಷ್ಯನ ಎಲ್ಲ ಸುದ್ದಿಯೂ ಮೊದಲು ತನ್ನ ಕಿವಿಗೆ ಬೀಳುತ್ತದೆ ಎಂದುಕೊಂಡಿದ್ದಳು.

ಸಂಜೀವಕುಮಾರ ಆಗ ಇಂಡಿಯಿಂದ ಲಿಂಬೆಹಣ್ಣಿನ ಲಾರಿ ಹೊಡೆಯುತ್ತಿದ್ದ. ಮದುವೆಯಾದ ನಾಲ್ಕನೇ ತಿಂಗಳಿಗೆ ಸೊಲ್ಲಾಪುರದಲ್ಲಿ ಕೆಲಸವಿದೆಯೆಂದು ಹೋಗಿ ಮೂರು ತಿಂಗಳು ಬರಲಿಲ್ಲ. ಬಂದಾಗ ಬಡಕಲಾಗಿದ್ದ. ಲಾರಿಯ ಸಹವಾಸ ಬಿಟ್ಟು ಹೆದ್ದಾರಿಯ ಕ್ರಾಸಿನಲ್ಲಿ ಪಂಕ್ಚರ್ ಮತ್ತು ಬ್ಯಾಟರಿ ರಿಪೇರಿಯ ಅಂಗಡಿ ಹಾಕಿದ. ಮಗಳು ಪ್ರಜ್ಞಾ ಹುಟ್ಟಿದಳು. ಪ್ರತಿ ಗುರುವಾರ ಸಾಮಾನು ತರಲೆಂದು ವಿಜಯಪುರಕ್ಕೆ ಹೋಗುತ್ತಿದ್ದ. ಕೋಮಲ ಇದರಲ್ಲಿ ಯಾವುದನ್ನೂ ಅನುಮಾನಿಸಿರಲಿಲ್ಲ.

ರುಕ್ಮಿಣೀಬಾಯಿ ಕಳಿಸಿದ್ದು ಹದಿನಾಲ್ಕು ಮೆಸೇಜು. ಅತ್ತೆ ಗುಂಡವ್ವ ಹೊರಗೆ ಹೋದ ಹೊತ್ತಿಗೆ ಕೋಮಲ ಮಷಿನ್ನಿನ ಮುಂದೆ ಕೂತು ಒಂದೊಂದನ್ನೇ ಕೇಳಿದಳು. ಸೊಲ್ಲಾಪುರದ ಆ ಮೂರು ತಿಂಗಳು ಅವನು ನಶೆ ಬಿಡಿಸುವ ಕೇಂದ್ರದಲ್ಲಿದ್ದ. ಗುರುವಾರದ ಸಾಮಾನು ಎಂದರೆ ಈ ಸಂಸ್ಥೆ. ಆರನೆಯ ಮೆಸೇಜಿನಲ್ಲಿ ಅವಳೇ ಇದ್ದಳು.

“ನನ್ನ ಹೇಂತಿ ಬಸರಿದ್ಲು” ಎನ್ನುತ್ತಿತ್ತು ದನಿ. “ಬಸರಿ ಹೆಣ್ಮಕ್ಕಳ ರಕ್ತಾ ತಗೊಂಡು ಎಚ್‌ಐವಿ ಪರೀಕ್ಷಾ ಮಾಡ್ತಾರಲ್ಲ, ಆಕಿದೂ ತಗೊಂಡ್ರು. ನಾ ಕೇಂದ್ರದಾಗ ಇದ್ದಾಗ ನನಗ ಒಮ್ಮೆ ಮಾಡಿದ್ರು, ಮೂರು ತಿಂಗಳ ಬಿಟ್ಟು ಮತ್ತ ಬಾ ಅಂದಿದ್ರು. ಅಂಜಿ ಹೋಗಿರಲಿಲ್ಲ. ಈಗ ಆಕಿ ಒಳಗ, ನಾ ಹೊರಗ. ಎರಡ ತಾಸು ನಿಂತೆ. ನಾ ಮಾಡಿದ್ದನ್ನ ಆಕಿ ಉಣ್ಣಬೇಕೇನು ಅಂತ ಒಂದ ಚಿಂತಿ. ಆಕಿ ನಕ್ಕೋತ ಬಂದ್ಲು, ಏನೂ ಇಲ್ಲಂತ. ನಾ ಗ್ವಾಡಿ ಹಿಂದ ಹೋಗಿ ಅತ್ತೆ. ಆಕಿಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ವಾರ ನಾನೂ ಪರೀಕ್ಷಾ ಮಾಡಿಸಿದೆ. ಪಾರಾಗಿದ್ದೆ. ನೀವು ನನ್ನಂಗ ಅಂಜಿ ಕುಂಡ್ರಬ್ಯಾಡ್ರಿ. ಆತಿಲ್ಲೋ?”

ಕೋಮಲ ಅದನ್ನು ಮತ್ತೆ ಹಾಕಿ ಕೇಳಿದಳು. ಆ ದಿನ ಅವಳಿಗೆ ನೆನಪಿತ್ತು. ಬಾಗೇವಾಡಿಯ ದವಾಖಾನೆಯಿಂದ ಹೊರಗೆ ಬಂದಾಗ ಗಂಡ ಮಾತೇ ಆಡಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಇವನಿಗೆ ಮಗು ಬೇಡವಾಗಿದೆ ಎಂದು ತಿಳಿದು ಅವಳು ಅಂದು ಉಪವಾಸ ಮಲಗಿದ್ದಳು. ಎಂಟು ವರ್ಷ ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅವಳ ಬಸಿರಿನ ಆ ದಿನವನ್ನು ಅವನು ನಾಲ್ಕು ತಾಲೂಕಿನ ಗುರುತಿಲ್ಲದ ಮಂದಿಗೆ ಹೇಳಿದ್ದ, ಅವಳೊಬ್ಬಳನ್ನು ಬಿಟ್ಟು.

ಅವನು ಸೂಜಿ ಚುಚ್ಚಿಕೊಂಡಿದ್ದನೆಂಬುದು ಅವಳನ್ನು ಅಷ್ಟು ಸುಡಲಿಲ್ಲ. ಸುಟ್ಟದ್ದು ಆ ದನಿ. ಅಷ್ಟು ಮೆತ್ತಗೆ, ಅಷ್ಟು ನಿಧಾನವಾಗಿ, ಎದುರಿಗಿದ್ದವರ ಕೈ ಹಿಡಿದು ಕೂತಂತೆ ಮಾತಾಡುವ ಈ ಗಂಡಸು ಅವಳ ಮನೆಗೆ ಒಂದು ದಿನವೂ ಬಂದಿರಲಿಲ್ಲ. ಸವತಿಯೊಬ್ಬಳಿದ್ದರೆ ಹೋಗಿ ಜಡೆ ಹಿಡಿಯಬಹುದಿತ್ತು. ಇವರು ಎಷ್ಟು ಮಂದಿಯೋ, ಯಾವ ಊರಿನವರೋ. ಅಂಗಳದಲ್ಲಿ ಯಾರದೋ ಫೋನು ಕಿಣಿಕಿಣಿ ಎಂದರೂ, ಅವನ ಮಾತು ಕೇಳುತ್ತಿರಬಹುದೆ ಎಂದು ಅವಳು ಕತ್ತು ಚಾಚಿ ನೋಡಿದಳು.

ಸಂಜೆ ಅತ್ತೆಯನ್ನು ಕೇಳಿದಳು. ಗುಂಡವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. “ನಾನ ಹೇಳಬ್ಯಾಡ ಅಂದಿದ್ದೆನವ್ವ. ಹೊಸಾ ಸೊಸಿ, ತವರಿಗೆ ಹೋಗಿಬಿಟ್ಟಿ ಅಂದ್ರ ಅಂತ. ಅಂವ ಬಿಟ್ಟು ಎಂಟ ವರ್ಷ ಆತು. ಈಗ್ಯಾಕ ಅದನ್ನ ಕೆದರ್ತಿ?”

ಅತ್ತೆಗೂ ಗೊತ್ತಿತ್ತು. ಮತ್ತೆ ಅವಳೇ ಕಡೆಯವಳು.

ಗಂಡನನ್ನು ಅವಳು ಏನನ್ನೂ ಕೇಳಲಿಲ್ಲ, ಅವನ ಮೇಲೆ ಕಣ್ಣಿಟ್ಟಳು. ಅಂಗಡಿಯಲ್ಲಿ, ವಾಲ್ವು ಇಡುವ ಡಬ್ಬಿಯ ಹಿಂದೆ, ಸಂಸ್ಥೆಯವರು ಕೊಟ್ಟ ಇನ್ನೊಂದು ಫೋನಿತ್ತು. ಮೆಸೇಜು ಕೇಳಿದವರಿಗೆ ಗುಟ್ಟಾಗಿ ಏನಾದರೂ ಕೇಳಬೇಕೆನಿಸಿದರೆ ಅದಕ್ಕೇ ಉತ್ತರ ಬರೆಯುತ್ತಿದ್ದರು. ಊಟದ ಡಬ್ಬಿ ಒಯ್ದಾಗಲೆಲ್ಲ ಅವನು ಆ ಫೋನನ್ನು ಹೇಗೆ ತೆರೆಯುತ್ತಾನೆಂದು ಓರೆಗಣ್ಣಿನಿಂದ ನೋಡಿ ಅವಳು ಬೆರಳಿನ ದಾರಿ ಕಲಿತಳು. ಮೆಸೇಜು ಓದುವಾಗ ಅವನ ಹುಬ್ಬು ಸಡಿಲಾಗುತ್ತಿತ್ತು. ಮನೆಯಲ್ಲಿ ಮಗಳು ಮಡಿಲಲ್ಲಿ ಮಲಗಿದಾಗ ಮಾತ್ರ ಅವಳು ಕಂಡಿದ್ದ ಮುಖ ಅದು.

ರವಿವಾರ ಮಧ್ಯಾಹ್ನ ಡಬ್ಬಿ ಒಯ್ದಾಗ ಸಂಜೀವಕುಮಾರ ರಸ್ತೆಯ ಆಚೆ ಒಂದು ಲಾರಿಯ ಕೆಳಗೆ ಮಲಗಿ ಗಾಲಿಯ ನಟ್ಟು ಬಿಚ್ಚುತ್ತಿದ್ದ. ಡಬ್ಬಿಯ ಹಿಂದೆ ಫೋನು ಮಿನುಗಿತು. ಕೋಮಲ ತೆಗೆದಳು. ಹೆಸರಿರಲಿಲ್ಲ, ದಾಸವಾಳ ಹೂವಿನ ಚಿತ್ರವೊಂದಿತ್ತು. ಒಂದು ದನಿ ಮೆಸೇಜು. ಕಿವಿಗೆ ಹಚ್ಚಿಕೊಂಡಳು.

ಹರೆಯದ ಹೆಣ್ಣುಮಗಳು. ಅಳುತ್ತಿದ್ದಳು. “ಅಣ್ಣಾರ, ನಿನ್ನಿ ಮುಂಜಾನಿ ಎಂಟಕ್ಕ ನನ್ನ ಗಂಡ ತಾ ಚುಚ್ಚಿಕೊಂಡ ಸೂಜಿನ ನನಗೂ ಚುಚ್ಚಿದ. ಅವಂಗ ಆ ಬ್ಯಾನಿ ಐತಂತ್ರಿ. ಚೀಟಿ ಇವತ್ತ ಅವನ ಅಂಗಿ ಕಿಸೆದಾಗ ಸಿಕ್ತು. ನಾ ಏನ ಮಾಡ್ಲಿ? ಯಾರಿಗೂ ಹೇಳಾಕ ಬರೂದಿಲ್ಲ. ನಿಮ್ಮ ದನಿ ಕೇಳಿದ್ರನ ನನಗ ಜೀವಾ ಬರ್ತೈತ್ರಿ. ಒಂದ ಮಾತ ಹೇಳ್ರಿ.” ಅವಳ ಹಿಂದೆ ಯಾರೋ ಗೋಣಿಚೀಲ ಎಳೆಯುವ ಸದ್ದು, “ಸಣ್ಣ ಹಣ್ಣ ಬ್ಯಾರೆ ಹಾಕ್ರೇ” ಎಂದು ಒಬ್ಬ ಕೂಗುವ ಸದ್ದು.

ಕೋಮಲ ನಾಲ್ಕು ಸಲ ಕೇಳಿದಳು. ಆ ಹುಡುಗಿಗೆ ಒದಗಿದ್ದ ಆಪತ್ತು ಅವಳ ಕಿವಿಗೆ ಬಿದ್ದಿತ್ತು, ಆದರೆ ಒಳಗೆ ಇಳಿಯಲಿಲ್ಲ. ಇಳಿದದ್ದು ಒಂದೇ ಮಾತು, ‘ನಿಮ್ಮ ದನಿ ಕೇಳಿದ್ರನ ನನಗ ಜೀವಾ ಬರ್ತೈತ್ರಿ.’ ಅವಳು ಮೆಸೇಜನ್ನು ಅಳಿಸಿದಳು. ಅಷ್ಟಕ್ಕೆ ಸಮಾಧಾನವಾಗದೆ ಆ ನಂಬರನ್ನು ಬ್ಲಾಕ್ ಮಾಡಿದಳು. ಫೋನನ್ನು ಇದ್ದಲ್ಲೇ ಇಟ್ಟು ಡಬ್ಬಿ ಬಿಚ್ಚಿದಳು. ಸಂಜೀವಕುಮಾರ ಕೈಯ ಎಣ್ಣೆ ಒರೆಸಿಕೊಂಡು ಬಂದು ರೊಟ್ಟಿ ಮುರಿದ.

“ಪಲ್ಯಾ ಚಲೋ ಆಗೈತಿ” ಎಂದ.

ಮನೆಗೆ ನಡೆದು ಬರುವಾಗ ಅವಳಿಗೆ ಹಗುರಾಗಿತ್ತು, ಜಗಳದಲ್ಲಿ ಗೆದ್ದವರ ಹಾಗೆ. ಸಂಜೆ ಹುಕ್ಕು ಹಚ್ಚುತ್ತ ಕೂತಾಗ, ಚಟ ಹತ್ತಿದವಳಂತೆ ಮತ್ತೆ ಹಳೆಯ ಮೆಸೇಜು ಹಾಕಿದಳು. ಹನ್ನೊಂದನೆಯದರಲ್ಲಿ ಅವನು ಹೇಳುತ್ತಿದ್ದ: “ಎಚ್‌ಐವಿ ಇದ್ದಾವ್ರ ಸೂಜಿ ನಿಮಗ ಚುಚ್ಚಿದ್ರ ಎಲ್ಲಾ ಮುಗೀತು ಅಂತ ತಿಳಕೋಬ್ಯಾಡ್ರಿ. ಎಪ್ಪತ್ತೆರಡ ತಾಸಿನೊಳಗ ದವಾಖಾನಿಗೆ ಹೋಗ್ರಿ. ಡಾಕ್ಟರ ನೋಡಿ ಗುಳಿಗಿ ಸುರು ಮಾಡ್ತಾರ. ಎಷ್ಟು ಲಗೂ ಹೋಗ್ತೀರಿ ಅಷ್ಟು ಚಲೋ. ಆಮ್ಯಾಲ ಹೋದ್ರ ಗುಳಿಗಿ ಕೆಲಸಾ ಮಾಡೂದಿಲ್ಲ.”

ಈ ಮೆಸೇಜನ್ನು ಅವಳು ಮೊದಲೂ ಕೇಳಿದ್ದಳು. ಆಗ ಅವನ ದನಿಯನ್ನಷ್ಟೇ ಕೇಳಿದ್ದಳು, ಮಾತನ್ನಲ್ಲ. ಈಗ ಸೂಜಿ ಕೈಯಲ್ಲೇ ಉಳಿಯಿತು. ಶನಿವಾರ ಮುಂಜಾನೆ ಎಂಟು. ಅಲ್ಲಿಂದ ಬೆರಳು ಮಡಚಿ ಲೆಕ್ಕ ಹಾಕಿದಳು. ಮೂವತ್ತನಾಲ್ಕು ತಾಸು ಆಗಿಹೋಗಿತ್ತು. ಹೇಳಬೇಕೆಂದು ಎದ್ದಳು. ಅವನು ಪ್ರಜ್ಞಾಳ ಪಾಟಿಚೀಲಕ್ಕೆ ಹೊಸ ಪಟ್ಟಿ ಹೊಲಿಯುತ್ತ ಕೂತಿದ್ದ. ಹೇಳಿದರೆ ತಾನು ಎಂಥವಳೆಂದು ಅವನಿಗೆ ಗೊತ್ತಾಗುತ್ತದೆ. ಮತ್ತೆ ಕೂತಳು.

ಸೋಮವಾರ ಬೆಳಗಿನ ಚಹಾದ ಹೊತ್ತಿಗೆ ಹೇಳಿದಳು.

“ರೀ, ನಿಮ್ಮ ಅಂಗಡಿ ಫೋನಿನಾಗಿಂದ ನಿನ್ನಿ ಒಂದ ಮೆಸೇಜ್ ಅಳಿಸೇನಿ.”

ಸಂಜೀವಕುಮಾರ ಬಟ್ಟಲನ್ನು ತುಟಿಯಿಂದ ಇಳಿಸಿದ. ಆ ಫೋನು ಅವಳಿಗೆ ಹೇಗೆ ಗೊತ್ತಾಯಿತು, ಎಷ್ಟು ಗೊತ್ತಾಯಿತು ಎಂದು ಕೇಳಲಿಲ್ಲ.

“ಏನಿತ್ತದ್ರಾಗ?”

ಹೇಳಿದಳು, ಒಂದು ಮಾತನ್ನೂ ಬಿಡದೆ. ‘ಜೀವಾ ಬರ್ತೈತಿ’ ಎಂಬುದನ್ನೂ.

“ನಿನ್ನಿ ಎಂಟಕ್ಕೋ, ಮೊನ್ನೆ ಎಂಟಕ್ಕೋ?”

“ಮೊನ್ನೆ. ಶನಿವಾರ.”

“ನಲವತ್ತಾರ ತಾಸು” ಎಂದು ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಒಂದು ಬೈಗುಳವಿಲ್ಲ. ‘ಯಾಕ ಮಾಡಿದಿ’ ಎಂದೂ ಇಲ್ಲ. ಕೋಮಲಳಿಗೆ ಆಗಲೂ ಉರಿಯಿತು. ಈಗಲೂ ಅವನಿಗೆ ಆ ಹುಡುಗಿಯದೇ ಚಿಂತೆ, ಎದುರಿಗೆ ನಿಂತ ಹೇಂತಿ ಕಾಣಲಿಲ್ಲ.

ಅಂಗಡಿಗೆ ಹೋಗಿ, ಅವಳು ಬ್ಲಾಕ್ ಮಾಡಿದ್ದ ನಂಬರನ್ನು ಬಿಡಿಸಿ ಫೋನು ಹಚ್ಚಿದರು. ಬಂದ್ ಆಗಿತ್ತು. ಸಂಸ್ಥೆಯ ಸಲಹೆಗಾರ್ತಿ ಮುಬಿನ ಅವರಿಗೆ ಸಂಜೀವಕುಮಾರ ಎಲ್ಲ ಹೇಳಿದ. ಹುಡುಗಿ ಇಂಡಿಯವಳು, ಲಿಂಬೆಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಾಳೆ, ಹಿಂದೆ ಅವಳು ಬರೆದದ್ದರಿಂದ ಅವನಿಗೆ ಅಷ್ಟೇ ಗೊತ್ತು. ಹೆಸರು ಕೇಳಬಾರದೆಂಬುದು ಸಂಸ್ಥೆಯ ನಿಯಮ.

“ನಾ ಹೋಗಿ ಹುಡುಕ್ಲೇನ್ರಿ?” ಎಂದ ಫೋನಿಗೆ.

ಮುಬಿನ ಅವರ ಉತ್ತರ ಕೋಮಲಳಿಗೂ ಕೇಳಿಸಿತು. “ನೀವು ಗಂಡಸರು ಹೋಗಿ ಶೆಡ್ಡಿನಾಗ ಹೆಣ್ಮಗಳನ್ನ ಹುಡುಕಿದ್ರ ಆಕಿ ಗಂಡ ಕೊಂದ ಹಾಕ್ತಾನ. ಮತ್ತ ಯಾರಂತ ಗುರುತ ಹಿಡೀತೀರಿ?”

“ನಾ ಹಿಡೀತೇನಿ” ಎಂದಳು ಕೋಮಲ. “ಆಕಿ ದನಿ ನಾನೊಬ್ಬಾಕಿನ ಕೇಳಿದ್ದು. ನಾಕ ಸಲ ಕೇಳೇನಿ.”

ವಿಜಯಪುರದಲ್ಲಿ ಬಸ್ಸು ಬದಲಿಸಿ ಇಂಡಿ ಮುಟ್ಟುವ ಹೊತ್ತಿಗೆ ಹತ್ತೂವರೆ. ಜಂಪರು ಹೊಲಿದುಕೊಡುತ್ತೇನೆ, ಅಳತೆ ಕೊಡುವವರಿದ್ದಾರೇನು ಎಂದು ಕೇಳುತ್ತ ಅವಳು ಹಣ್ಣಿನ ಶೆಡ್ಡುಗಳನ್ನು ಹೊಕ್ಕಳು. ಹೆಂಗಸರು ಹಳದಿ ರಾಶಿಯ ಸುತ್ತ ಕೂತು ದೊಡ್ಡದು, ನಡುವಿನದು, ಸಣ್ಣದು ಎಂದು ಬೇರೆ ಮಾಡುತ್ತಿದ್ದರು. ಕೋಮಲ ಎಲ್ಲರೊಡನೆ ಒಂದೊಂದು ಮಾತಾಡಿದಳು, ತೋಳು ಉದ್ದವೋ ಗಿಡ್ಡವೋ, ಕೊರಳು ಯಾವ ನಮೂನೆ. ಮೊದಲ ಶೆಡ್ಡಿನಲ್ಲಿ ಸಿಗಲಿಲ್ಲ, ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ, ಮೂಲೆಯಲ್ಲಿ ಪೂರಾ ತೋಳಿನ ಅಂಗಿ ಹಾಕಿಕೊಂಡು ಕೂತವಳೊಬ್ಬಳು ತಲೆ ಎತ್ತದೆ “ನನಗೇನೂ ಹೊಲಿಸೂದಿಲ್ರಿ” ಎಂದಳು.

ಅದೇ ದನಿ. ಆದರೆ ಅವಳು ಕಲ್ಪಿಸಿಕೊಂಡಿದ್ದವಳು ಇವಳಲ್ಲ. ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ, ಗಲ್ಲದ ಎಲುಬು ಎದ್ದಿತ್ತು, ಮೂಗು ಸೋರುತ್ತಿತ್ತು, ಮೇಲಿಂದ ಮೇಲೆ ಆಕಳಿಸುತ್ತಿದ್ದಳು. ಆದರೂ ಕಣ್ಣು ಚಂದವಿದ್ದವು. ಅದನ್ನು ಕೋಮಲ ಗಮನಿಸದಿರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಅವಳನ್ನು ಹೊರಗೆ ಕರೆದಳು. “ನಿನ್ನಿ ಅಣ್ಣಗ ಮೆಸೇಜ್ ಕಳಸಿದಾಕಿ ನೀನ ಹೌದಿಲ್ಲೋ?”

ಹುಡುಗಿ ಬೆಚ್ಚಿ ಶೆಡ್ಡಿನ ಕಡೆ ನೋಡಿದಳು. “ನೀವ್ಯಾರ?”

“ನಾ ಅವರ ಹೇಂತಿ.”

“ಅಣ್ಣಾರ ಉತ್ತರಾನ ಕೊಡಲಿಲ್ಲ. ಅವರೂ ನನ್ನ ಹೊಲಸು ಅಂತ ತಿಳಕೊಂಡ್ರು ಅಂತ ಫೋನ್ ಬಂದ್ ಮಾಡಿ ಒಗದೆ.” “ಸಾಯೂದ ಐತಿ, ಹಣ್ಣ ಆರಿಸಿ ಸಾಯೂಣಂತ ಬಂದೇನಿ.”

ಕೋಮಲ ಬಸ್ಸಿನಲ್ಲಿ ಒಂದು ಸುಳ್ಳನ್ನು ತಯಾರು ಮಾಡಿಕೊಂಡು ಬಂದಿದ್ದಳು, ಫೋನು ಕೆಟ್ಟಿತ್ತು ಎಂದು. ಅದು ಬಾಯಿಗೆ ಬರಲಿಲ್ಲ. “ಅವರು ನೋಡೇ ಇಲ್ಲವಾ. ನಾ ಅಳಿಸಿದೆ. ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚ ಬಂತು. ಅಳಿಸಿದೆ.”

“ನನ್ನ ಮ್ಯಾಲ?” ಹುಡುಗಿ ತನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡಳು. ನಂಬಿಕೆಯಾಗದವಳ ಹಾಗೆ. “ನನ್ನ ಮ್ಯಾಲ ಹೊಟ್ಟಿಕಿಚ್ಚ?”

“ಹೌದು. ನನ್ನ ಬೈಯೂದಿದ್ರ ಬಸ್ಸಿನಾಗ ಬೈಯಿ. ಈಗ ನಡಿ. ಇನ್ನೂ ಇಪ್ಪತ್ತ ತಾಸು ಐತಿ, ಗುಳಿಗಿ ಸಿಗ್ತಾವ.”

ಅವಳ ಹೆಸರು ಸುನಂದಾ. ಬರುತ್ತೇನೆ ಎನ್ನಲು ಅವಳಿಗೆ ಅರ್ಧ ತಾಸು ಹಿಡಿಯಿತು. ದವಾಖಾನೆಯಲ್ಲಿ ಎಲ್ಲರ ಮುಂದೆ ಕೇಳುತ್ತಾರೆ, ತೋಳು ನೋಡಿ ನಗುತ್ತಾರೆ ಎಂಬ ಹೆದರಿಕೆ. ಹೋದ ವರ್ಷ ಜ್ವರಕ್ಕೆಂದು ಒಂದು ಖಾಸಗಿ ಡಾಕ್ಟರ ಹತ್ತಿರ ಹೋದಾಗ ತೋಳಿನ ಕಲೆ ನೋಡಿ ಹೊರಗೆ ಕಳಿಸಿದ್ದರಂತೆ. ಕೋಮಲ ಏನು ಹೇಳಿದರೂ ಅವಳು ಜಗ್ಗಲಿಲ್ಲ. ಕಡೆಗೆ ಕೋಮಲ ತನ್ನ ಫೋನು ತೆಗೆದು ಹನ್ನೊಂದನೆಯ ಮೆಸೇಜು ಹಾಕಿದಳು. ಗಂಡನ ದನಿ ಕೇಳುತ್ತಿದ್ದಂತೆ ಸುನಂದಾಳ ಉಸಿರು ನಿಧಾನವಾದದ್ದನ್ನು ಕಣ್ಣಾರೆ ನೋಡಿದಳು. ತಾನು ಅರ್ಧ ತಾಸು ಆಡಿದ ಮಾತಿಗಿಂತ ಅವನ ಒಂದು ನಿಮಿಷದ ಮಾತು ಹೆಚ್ಚಾಯಿತು.

ವಿಜಯಪುರದ ಬಸ್ಸಿನಲ್ಲಿ ಸುನಂದಾಳಿಗೆ ನಡುಕ ಹತ್ತಿತು. ಅವಳ ನಶೆಯ ಹೊತ್ತು ಮೀರಿತ್ತು. ಎದುರು ಸೀಟಿನ ಹೆಂಗಸೊಬ್ಬಳು ತಿರುಗಿ ನೋಡಿ, ಸರಿದ ತೋಳಿನ ಕೆಳಗಿನ ಕಪ್ಪು ಕಲೆಗಳನ್ನು ಕಂಡು ಚೀಲ ಎತ್ತಿಕೊಂಡು ಮುಂದೆ ಹೋದಳು. ಕೋಮಲ ತನ್ನ ಸೆರಗನ್ನು ಸುನಂದಾಳ ತೋಳಿನ ಮೇಲೆ ಎಳೆದಳು.

“ಅಕ್ಕಾರ, ಅಣ್ಣಾರ ನಿಮ್ಮ ಸುದ್ದಿ ಭಾಳ ಹೇಳ್ತಾರ” ಎಂದಳು ಸುನಂದಾ, ಕಣ್ಣು ಮುಚ್ಚಿಯೇ.

“ಏನ ಹೇಳ್ತಾರ?” ಕೋಮಲ ತಟ್ಟನೆ ಕೇಳಿದಳು. ಇಂಥ ಹೊತ್ತಿನಲ್ಲೂ ಅದು ಬೇಕಾಗಿತ್ತು ಅವಳಿಗೆ.

“ನೀವು ಹೊಲಿದ ಅಂಗಿ ಹಾಕ್ಕೊಂಡಾಗ ತಾವು ಚಲೋ ಮನಶ್ಯಾ ಅನಸ್ತೈತಂತ. ಬ್ಯಾರೇದ್ದೆಲ್ಲ ಅವರನ್ನ ಕೇಳ್ರಿ.”

ದವಾಖಾನೆಯ ಬಾಗಿಲಲ್ಲಿ ಮುಬಿನ ಕಾಯುತ್ತಿದ್ದರು. ಪಕ್ಕದಲ್ಲಿ ಸಂಜೀವಕುಮಾರ. ಸುನಂದಾ ಅವನನ್ನು ಗುರುತಿಸಲಿಲ್ಲ, ಎಂದೂ ನೋಡಿದವಳಲ್ಲ. ಅವನು “ಬಂದಿಯೇನವಾ ತಂಗಿ, ಚಲೋ ಆತು” ಎಂದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ಸಂಜೀವಕುಮಾರ ಎರಡು ಮೆಟ್ಟಿಲು ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಏನೇನೋ ಹೇಳಿದ. ಕೋಮಲ ಗೋಡೆಗೆ ಒರಗಿ ನಿಂತು ನೋಡಿದಳು. ಆ ಹುಡುಗಿಯ ಜೀವ ಉಳಿಯಲಿ ಎಂದು ಮನಸಾರೆ ಬಯಸುತ್ತಿದ್ದಳು, ಅವನು ಲಗೂ ಎದ್ದು ಬರಲಿ ಎಂದೂ ಅಷ್ಟೇ ಬಯಸುತ್ತಿದ್ದಳು.

ಡಾಕ್ಟರು ಬಾಗಿಲು ಹಾಕಿಕೊಂಡು ಎಲ್ಲ ಕೇಳಿದರು. ರಕ್ತ ತೆಗೆದರು. ಗುಳಿಗೆ ಕೊಡುವುದೇ ಸರಿ ಎಂದು ಮೊದಲ ಗುಳಿಗೆಯನ್ನು ಅಲ್ಲೇ ನುಂಗಿಸಿದರು. ಆಗ ಮಧ್ಯಾಹ್ನ ನಾಲ್ಕು, ಐವತ್ತಾರನೆಯ ತಾಸು. ಇಪ್ಪತ್ತೆಂಟು ದಿನ ತಪ್ಪಿಸದೆ ನುಂಗಬೇಕು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ನಶೆ ಬಿಡುವ ಮನಸ್ಸಿದ್ದರೆ ಅದಕ್ಕೂ ನಾಲಿಗೆಯ ಕೆಳಗೆ ಇಡುವ ಗುಳಿಗೆ ಇದೆ, ದಿನಾ ಬಂದು ತೆಗೆದುಕೊಳ್ಳಬೇಕು ಎಂದರು. ಸುನಂದಾ ಗಂಡನ ಮನೆಗೆ ತಿರುಗಿ ಹೋಗಲಿಲ್ಲ. ವಿಜಯಪುರದಲ್ಲಿದ್ದ ಚಿಕ್ಕಮ್ಮನ ಮನೆಗೆ ಮುಬಿನ ಅವಳನ್ನು ಕರೆದುಕೊಂಡು ಹೋದರು.

ಹೋಗುವ ಮೊದಲು ಅವರು ಕೋಮಲಳ ಹತ್ತಿರ ಬಂದು ನಿಂತರು. “ಹುಡುಕಿ ತಂದಿದ್ದು ಚಲೋ ಆತು. ಅದಕ್ಕ ನೀವು ಮಾಡಿದ್ದು ಅಳಿಸಿ ಹೋಗೂದಿಲ್ಲ. ಒಂದ ದಿನಾ ತಡಾ ಆಗಿದ್ರ?”

“ಗೊತ್ತೈತ್ರಿ” ಎಂದಳು ಕೋಮಲ.

ನಿಯಮದಂತೆ ಸಂಸ್ಥೆಯವರು ಸಂಜೀವಕುಮಾರನಿಂದ ಫೋನನ್ನು ಎರಡು ತಿಂಗಳು ವಾಪಸು ತೆಗೆದುಕೊಂಡರು, ವಾರದ ಮೆಸೇಜನ್ನೂ ನಿಲ್ಲಿಸಿದರು. ಬೇರೆಯವರ ಕೈಗೆ ಸಿಗುವಂತೆ ಇಟ್ಟದ್ದು ಅವನ ತಪ್ಪು. ಆ ಎರಡು ತಿಂಗಳಲ್ಲಿ ರುಕ್ಮಿಣೀಬಾಯಿ ಜಂಪರು ಒಯ್ಯಲು ಬಂದಾಗ “ಅಣ್ಣನ ಮೆಸೇಜ್ ಬಂದ್ ಆಗ್ಯಾವ ನೋಡು. ಮುದ್ದೇಬಿಹಾಳದಾಗ ಇಬ್ಬರು ಪರೀಕ್ಷಾಕ್ಕ ಬರ್ತೇವಿ ಅಂದಾವ್ರು ಬರಲೇ ಇಲ್ಲ” ಎಂದರು. ಕೋಮಲ ತಲೆ ತಗ್ಗಿಸಿ ದಾರ ಕತ್ತರಿಸಿದಳು. ಅದು ಯಾರಿಂದ ಎಂದು ಹೇಳುವ ಧೈರ್ಯ ಬರಲಿಲ್ಲ.

ಗಂಡನೊಡನೆ ಮಾತು ಆದದ್ದು ಇಂಡಿಯಿಂದ ಬಂದ ಮರುದಿನ, ಅಂಗಡಿಯಲ್ಲಿ, ಅವಳು ಡಬ್ಬಿ ಒಯ್ದಾಗ. ಅವನು ರೊಟ್ಟಿ ಮುರಿಯದೆ ಕೂತಿದ್ದ.

“ಒಂಬತ್ತ ವರ್ಷದಾಗ ಒಂದ ದಿನಾನೂ ನನಗ ಹೇಳಬೇಕ ಅನಸಲಿಲ್ಲೇನ್ರಿ?” ಎಂದು ಅವಳೇ ತೆಗೆದಳು. “ಅವರಿಗೆಲ್ಲ ಹೇಳ್ತೀರಿ. ನಾ ಏನ ಪಾಪಾ ಮಾಡಿದ್ದೆ?”

“ಅವರಿಗೆ ಹೇಳೂದು ಸಸಾರ, ಕೋಮಲ. ಅವರು ನನ್ನ ಮಾರಿ ನೋಡೂದಿಲ್ಲ. ನಾ ಎಂಥಾ ಹೊಲಸಿನಾಗಿದ್ದೆ ಅಂತ ಹೇಳಿದ್ರೂ ‘ನಾವೂ ಅಲ್ಲೇ ಅದೇವಿ’ ಅಂತಾರ. ನೀ ದಿನಾ ಮುಂಜಾನೆದ್ದು ನನ್ನ ಮಾರಿ ನೋಡಾಕಿ. ಆ ನೋಟಾ ಬದಲಾದ್ರ ನಾ ಎಲ್ಲಿ ಹೋಗ್ಲಿ?”

“ನಾ ಓಡಿ ಹೋಗ್ತಿದ್ದೆ ಅಂತ ತಿಳಿದ್ರೇನು?”

“ಹೌದು.”

“ಹೋಗ್ತಿದ್ನೋ ಏನೋ” ಎಂದಳು ಕೋಮಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಆಗ ಗೊತ್ತಾಗಿದ್ರ ಹೋಗಿರ್ತಿದ್ದೆ. ಈಗ ಎಲ್ಲಿ ಹೋಗ್ಲಿ? ಈಗ ಹೇಳ್ರಿ. ಆ ಹದಿನಾಕರಾಗ ಇಲ್ಲದ್ದು ಹೇಳ್ರಿ.”

ಹೆದ್ದಾರಿಯಲ್ಲಿ ನಿಡಗುಂದಿಯ ಬಸ್ಸು ಬಂದು ನಿಂತು ಹೋಯಿತು. ಗಾಲಿಗೆ ಗಾಳಿ ಹಾಕಿಸಲು ಬಂದ ಟ್ರ್ಯಾಕ್ಟರಿನವನನ್ನು ಸಂಜೀವಕುಮಾರ “ತಾಸ ಬಿಟ್ಟ ಬಾ” ಎಂದು ಕಳಿಸಿದ. ಆಮೇಲೆ ಹೇಳಿದ. ಮೊದಲ ಸೂಜಿ ಯಾವ ಊರಲ್ಲಿ, ಯಾರ ಜೊತೆ. ಕೇಂದ್ರದಲ್ಲಿ ಪಕ್ಕದ ಹಾಸಿಗೆಯವನು ಹೇಗೆ ಸತ್ತ. ಇನ್ನೂ ಒಂದು ಸಂಗತಿ ಹೇಳಿದ. ಅದನ್ನು ಅವನು ಯಾವ ಮೆಸೇಜಿನಲ್ಲೂ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ. ಅದೇನೆಂದು ಕೋಮಲ ಇವತ್ತಿಗೂ ಯಾರಿಗೂ ಹೇಳಿಲ್ಲ.

ಮೂರು ತಿಂಗಳಿಗೆ ಸುನಂದಾಳ ಪರೀಕ್ಷೆಯಾಯಿತು. ಎಚ್‌ಐವಿ ಇರಲಿಲ್ಲ. ನಾಲಿಗೆಯ ಕೆಳಗಿನ ಗುಳಿಗೆಯನ್ನು ನಡುವೆ ಒಮ್ಮೆ ಬಿಟ್ಟು ಮತ್ತೆ ಸೂಜಿಗೆ ಹೋಗಿದ್ದಳು. ಹೊಸ ಸೂಜಿ ತೆಗೆದುಕೊಂಡಿದ್ದೆ ಎಂದು ತಾನಾಗಿಯೇ ಬಂದು ಮುಬಿನ ಅವರಿಗೆ ಹೇಳಿದಳು. ಅವರು ಬೈಯದೆ ಮತ್ತೆ ಗುಳಿಗೆ ಸುರು ಮಾಡಿಸಿದರು. ಈಗ ಅವಳು ಚಿಕ್ಕಮ್ಮನ ಜೊತೆ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ.

ಫೋನು ಸಂಜೀವಕುಮಾರನಿಗೆ ತಿರುಗಿ ಸಿಕ್ಕಿದೆ. ಈ ಸಲ ಅದು ಸಂಸ್ಥೆಯ ಕಚೇರಿಯಲ್ಲೇ ಇರುತ್ತದೆ. ಮಂಗಳವಾರ, ಗುರುವಾರ ಅವನು ಅಲ್ಲಿ ಕೂತು ಉತ್ತರ ಕೊಡುತ್ತಾನೆ. ಉಳಿದ ದಿನ ಮುಬಿನ ನೋಡಿಕೊಳ್ಳುತ್ತಾರೆ. ಗುರುವಾರ ಕೋಮಲ ಅವನ ಜೊತೆ ಹೋಗುತ್ತಾಳೆ. ಒಳಗಿನ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಅವಳು ಹೊರಗಿನ ಬೆಂಚಿನಲ್ಲಿ ಕೂತು ಜಂಪರಿಗೆ ಹುಕ್ಕು ಹಚ್ಚುತ್ತಾಳೆ. ಅವನ ದನಿ ಮಾತ್ರ ಗುಸುಗುಸು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕೆಲವು ಸಲ ಸುನಂದಾ ಬಂದು “ಅಕ್ಕಾರ” ಎಂದು ಪಕ್ಕದಲ್ಲಿ ಕೂರುತ್ತಾಳೆ, ಖಾನಾವಳಿಯ ಸುದ್ದಿ ಹೇಳುತ್ತಾಳೆ. ಮೊನ್ನೆ ಹಾಗೆ ಕೂತಿದ್ದಾಗ ಒಳಗಿಂದ ಬಂದ ಸಂಜೀವಕುಮಾರನನ್ನು ನೋಡಿ ಸುನಂದಾ ನಕ್ಕಳು, ಅವನೂ ನಕ್ಕ.

ಅವರಿಬ್ಬರೂ ಚಹಾ ತರಲು ಹೋದಾಗ ಕೋಮಲ ಮುಬಿನ ಅವರಿಗೆ ಹೇಳಿದಳು, “ಬಾಯಾರ, ಖರೇ ಹೇಳ್ಲೇನು? ಆಕಿ ಹಂಗ ನಕ್ರ ನನಗ ಇನ್ನೂ ಉರೀತೈತ್ರಿ.”

“ಉರೀಲಿ” ಎಂದರು ಮುಬಿನ, ಫೈಲಿನಿಂದ ತಲೆ ಎತ್ತದೆ. “ಆದ್ರ ಫೋನ್ ಮುಟ್ಟಬ್ಯಾಡ್ರಿ.”

“ಇಲ್ರಿ” ಎಂದು ಕೋಮಲ ದಾರ ಹಲ್ಲಿನಿಂದ ಕಡಿದು ಇನ್ನೊಂದು ಹುಕ್ಕು ತೆಗೆದುಕೊಂಡಳು.